ಐಸ್ ಕರಗಿದರೂ ನೀರಾಗದ ಕೆನೆ ಟೀ

ಬಿಸಿಯಾಗಿ ಕುಡಿಯಲೆಂದು ಮಾಡಿದ ಹಾಲಿನ ಟೀಗೆ ಐಸ್ ಹಾಕಿದರೆ ಮೊದಲ ಎರಡು ಗುಟುಕು ಚೆನ್ನಾಗಿಯೇ ಇರುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ರುಚಿಯೂ ಹೋಗಿರುತ್ತದೆ, ದಪ್ಪವೂ ಹೋಗಿರುತ್ತದೆ. ಆಗ ಇನ್ನಷ್ಟು ಹಾಲು ಸುರಿಯೋಣ ಎನಿಸುವುದು ಸಹಜ. ಆದರೆ ಹಾಲಿನಲ್ಲಿ ಶೇ 87ರಷ್ಟು ಇರುವುದು ನೀರೇ. ತೆಳ್ಳಗಾದ ಟೀಗೆ ಹಾಲು ಸುರಿದರೆ ನೀರಿಗೆ ನೀರು ಸೇರಿದಂತೆ. ಬಣ್ಣ ಬೆಳ್ಳಗಾಗುತ್ತದೆ, ಕೆನೆತನ ಬರುವುದಿಲ್ಲ.

ಈ ಪಾನೀಯದ ಕೆಲಸವೆಲ್ಲ ನೀರಿನ ಲೆಕ್ಕದಲ್ಲಿದೆ. ನೀರು ಮೂರು ಕಡೆಯಿಂದ ಬರುತ್ತದೆ: ಟೀ ಕುದಿಸಿದ ನೀರು, ಹಾಲಿನೊಳಗಿನ ನೀರು, ಐಸ್ ಕರಗಿದ ನೀರು. ಮೂರನೆಯದನ್ನು ತಪ್ಪಿಸಲು ಆಗದು. ಹಾಗಾಗಿ ಮೊದಲೆರಡನ್ನು ಕಡಿಮೆ ಮಾಡಿ, ಮೂರನೆಯದಕ್ಕೆ ಜಾಗ ಬಿಟ್ಟಿರಬೇಕು. ಟೀ ಡಿಕಾಕ್ಷನ್ ಗಟ್ಟಿಯಾಗಿರಬೇಕು, ಹಾಲಿನ ಭಾಗ ಹಾಲಿಗಿಂತ ಗಟ್ಟಿಯಾಗಿರಬೇಕು, ಎರಡೂ ಐಸ್ ಮುಟ್ಟುವ ಮೊದಲೇ ತಣ್ಣಗಿರಬೇಕು.

ಐಸ್ ಎಷ್ಟು ಕರಗುತ್ತದೆ

200 ಮಿ.ಲೀ. ಟೀಯನ್ನು 90 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಾಗಲೇ ಐಸ್ ಮೇಲೆ ಸುರಿದು 5 ಡಿಗ್ರಿಗೆ ಇಳಿಸಬೇಕೆಂದರೆ ಸುಮಾರು 200 ಗ್ರಾಂ ಐಸ್ ಕರಗಬೇಕು. ಎಂದರೆ ಟೀ ಎಷ್ಟಿತ್ತೋ ಅಷ್ಟೇ ನೀರು ಸೇರಿತು. ಗಟ್ಟಿತನ ಸರಿಯಾಗಿ ಅರ್ಧಕ್ಕೆ ಇಳಿಯಿತು. ಅದೇ ಟೀ 25 ಡಿಗ್ರಿಗೆ ಆರಿದ್ದರೆ 50 ಗ್ರಾಂ ಐಸ್ ಕೂಡ ಬೇಕಾಗುವುದಿಲ್ಲ. ಫ್ರಿಜ್‌ನಿಂದ ತೆಗೆದದ್ದಾದರೆ ಸುರಿಯುವಾಗ ಏನೂ ಕರಗುವುದಿಲ್ಲ ಎನ್ನಬಹುದು. ಕುಡಿಯುತ್ತ ಕೂತ ಕಾಲು ಗಂಟೆಯಲ್ಲಿ ಹೊರಗಿನ ಸೆಕೆಗೆ 40–50 ಗ್ರಾಂ ಕರಗುತ್ತದೆ, ಅಷ್ಟೇ. ಕೆಳಗಿನ ಅಳತೆಗಳೆಲ್ಲ ಈ 45 ಮಿ.ಲೀ. ನೀರನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿವೆ.

ಐಸ್ ಕ್ಯೂಬ್ ದೊಡ್ಡದಾದಷ್ಟೂ ಒಳ್ಳೆಯದು. ಸಣ್ಣ ಚೂರುಗಳಿಗೆ ಮೈ ಹೆಚ್ಚು, ಬೇಗ ಕರಗುತ್ತವೆ. ಲೋಟದಲ್ಲಿ ಎರಡೇ ಕ್ಯೂಬ್ ಹಾಕಿದರೆ ನೀರು ಕಡಿಮೆ ಸೇರುತ್ತದೆ ಎಂಬ ನಂಬಿಕೆ ಇದೆ. ಆದರೆ ಅದರಿಂದ ಲಾಭವಿಲ್ಲ. ಎರಡು ಕ್ಯೂಬ್‌ಗಳು ಪೂರ್ತಿ ಕರಗಿದ ಮೇಲೂ ಪಾನೀಯ ತಣ್ಣಗಾಗಿರುವುದಿಲ್ಲ. ಲೋಟದ ತುಂಬ ಐಸ್ ಇದ್ದರೆ ಎಲ್ಲವೂ ಬೇಗ ಶೂನ್ಯದ ಹತ್ತಿರ ಇಳಿದು, ಆಮೇಲೆ ನಿಧಾನವಾಗಿ ಕರಗುತ್ತದೆ. 350 ಮಿ.ಲೀ. ಹಿಡಿಯುವ ಲೋಟಕ್ಕೆ 120 ಗ್ರಾಂ ಐಸ್ ಬೇಕು. ಫ್ರೀಜರ್‌ನಿಂದ ತೆಗೆದ ಕೂಡಲೇ ಬಳಸಿ. ಬೆವರಿದ ಐಸ್ ತನ್ನ ಮೈಮೇಲಿನ ನೀರನ್ನೂ ಜೊತೆಗೆ ತರುತ್ತದೆ. ಫ್ರೀಜರ್‌ನಲ್ಲಿ ಮಸಾಲೆ, ಮೀನು, ಈರುಳ್ಳಿಯ ಪಕ್ಕದಲ್ಲಿ ತೆರೆದಿಟ್ಟ ಐಸ್ ಅವುಗಳ ವಾಸನೆ ಹಿಡಿಯುತ್ತದೆ. ಹಾಗಾಗಿ ಮುಚ್ಚಳವಿರುವ ಟ್ರೇ ಒಳ್ಳೆಯದು.

ಡಿಕಾಕ್ಷನ್

ನಾಲ್ಕು ಲೋಟಕ್ಕೆ: ನೀರು 600 ಮಿ.ಲೀ., ಟೀಪುಡಿ 30 ಗ್ರಾಂ. ಸೋಸಿದ ಮೇಲೆ ಸುಮಾರು 480 ಮಿ.ಲೀ. ಸಿಗುತ್ತದೆ, ಏಕೆಂದರೆ ನೆನೆದ ಪುಡಿ ತನ್ನ ತೂಕದ ಎರಡೂವರೆ–ಮೂರು ಪಟ್ಟು ನೀರನ್ನು ಹಿಡಿದುಕೊಳ್ಳುತ್ತದೆ, ಒಂದಿಷ್ಟು ಆವಿಯಾಗುತ್ತದೆ.

ಇದು ಸಾಮಾನ್ಯ ಟೀಗಿಂತ ಎರಡೂವರೆ ಪಟ್ಟು ಗಟ್ಟಿ. ಟೀ ರುಚಿ ನೋಡುವವರಿಗಾಗಿ ಇರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 3103 ಹೇಳುವುದು 100 ಮಿ.ಲೀ. ನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ನಮ್ಮ ಲೋಟಕ್ಕೆ ಬೀಳುವ 120 ಮಿ.ಲೀ. ಡಿಕಾಕ್ಷನ್‌ನಲ್ಲಿ 6 ಗ್ರಾಂ ಪುಡಿಯ ಸಾರವಿದೆ, ಉಳಿದದ್ದು ನೆನೆದ ಪುಡಿ ಹಿಡಿದುಕೊಂಡ ನೀರಿನಲ್ಲೇ ಇರುತ್ತದೆ. ಹಾಲು, ಪಾಕ, ಕರಗುವ ಐಸ್ ಎಲ್ಲ ಸೇರಿ ಕೊನೆಗೆ 280 ಮಿ.ಲೀ. ಆಗುತ್ತದೆ. ಭಾಗಿಸಿ ನೋಡಿ: 100 ಮಿ.ಲೀ.ಗೆ 2 ಗ್ರಾಂಗಿಂತ ಸ್ವಲ್ಪ ಹೆಚ್ಚು. ಗಟ್ಟಿಯೆಂದು ಹೆದರಿಸುವ ಡಿಕಾಕ್ಷನ್ ಲೋಟದಲ್ಲಿ ಸರಿಯಾದ ಹದಕ್ಕೆ ಬಂದು ನಿಲ್ಲುತ್ತದೆ.

ಸಣ್ಣ ಕಾಳಿನಂಥ ಸಿಟಿಸಿ ಪುಡಿ ಈ ಕೆಲಸಕ್ಕೆ ತಕ್ಕದ್ದು. ಬೇಗ ಬಿಡುತ್ತದೆ, ಕಡು ಬಣ್ಣ ಕೊಡುತ್ತದೆ, ಹಾಲಿನ ಎದುರು ನಿಲ್ಲುತ್ತದೆ. ಉದ್ದ ಎಲೆಯ ಟೀ ಬಳಸುವುದಾದರೆ ಅಸ್ಸಾಮಿನ ಬಗೆಯ ಗಟ್ಟಿ ರುಚಿಯದ್ದು ಆರಿಸಿ. ಹೂವಿನ ಘಮದ ನಾಜೂಕು ಎಲೆಗಳ ಸೊಗಸು ಕೊಬ್ಬಿನಲ್ಲಿ ಮುಳುಗಿಹೋಗುತ್ತದೆ, ಅವನ್ನು ಹಾಲಿಲ್ಲದೆ ಕುಡಿಯುವುದೇ ನ್ಯಾಯ. ಪುಡಿಯನ್ನು ತೂಗಿ ಹಾಕುವುದು ಒಳ್ಳೆಯದು. ತಲೆ ಸಮ ಮಾಡಿದ ಒಂದು ಟೀ ಚಮಚ ಸಿಟಿಸಿ 2ರಿಂದ 2.5 ಗ್ರಾಂ ತೂಗಬಹುದು, ಅದೇ ಚಮಚದಲ್ಲಿ ಉದ್ದ ಎಲೆ ಅದಕ್ಕಿಂತ ಕಡಿಮೆ ಹಿಡಿಯುತ್ತದೆ.

ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಪುಡಿ ಹಾಕಿ, ಒಮ್ಮೆ ಕಲಕಿ ಮುಚ್ಚಿಡಿ. ಸಿಟಿಸಿಗೆ 4 ನಿಮಿಷ, ಉದ್ದ ಎಲೆಗೆ 6 ನಿಮಿಷ. ಗಟ್ಟಿಯಾಗಲೆಂದು ಹೊತ್ತು ಹೆಚ್ಚಿಸಬೇಡಿ, ಪುಡಿ ಹೆಚ್ಚಿಸಿ. ಬಣ್ಣ, ಘಮ, ಕೆಫೀನ್ ಮೊದಲ ಕೆಲವು ನಿಮಿಷದಲ್ಲೇ ಬಹುಪಾಲು ಬಿಟ್ಟುಕೊಂಡಿರುತ್ತವೆ. ಆಮೇಲೆ ಕುದಿಯುತ್ತ ಹೋದಂತೆ ಹೆಚ್ಚುವುದು ಒಗರು. ಬಿಸಿ ಟೀಯಲ್ಲಿ ಸಹಿಸಬಹುದಾದ ಒಗರು ತಣ್ಣಗಾದಾಗ ನಾಲಿಗೆಗೆ ಅಂಟಿಕೊಂಡು ಕೂರುತ್ತದೆ.

ಸೋಸುವಾಗ ಚರಟವನ್ನು ಚಮಚದಿಂದ ಒತ್ತಿ ಹಿಂಡಬೇಡಿ. ಅದರಲ್ಲಿ ಉಳಿದಿರುವುದು ಹೆಚ್ಚಾಗಿ ಕಹಿ ಮತ್ತು ಸಣ್ಣ ಪುಡಿ. ಆ ಪುಡಿ ಲೋಟದ ತಳದಲ್ಲಿ ಮಡ್ಡಿಯಾಗುತ್ತದೆ. ಸಿಟಿಸಿಯಾದರೆ ಜಾಲರಿಯ ಮೇಲೆ ತೆಳು ಬಟ್ಟೆ ಹಾಸಿ ಸೋಸಿ.

ಡಿಕಾಕ್ಷನ್ ಒಗರಾಗಿಯೇ ಬಂತು ಎಂದರೆ ಎರಡು ದಾರಿ ಇವೆ. ಚಿಟಿಕೆ ಉಪ್ಪು ಕಹಿಯನ್ನು ಮೆತ್ತಗೆ ಮಾಡುತ್ತದೆ. 600 ಮಿ.ಲೀ.ಗೆ ಸಣ್ಣ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಒಗರು ಇಳಿದು ಬಣ್ಣ ಇನ್ನೂ ಕಡು ಆಗುತ್ತದೆ, ಆದರೆ ಕೈ ಸ್ವಲ್ಪ ಜಾಸ್ತಿಯಾದರೂ ಸಾಬೂನಿನ ರುಚಿ ಬರುತ್ತದೆ. ಉಪ್ಪೇ ಸುರಕ್ಷಿತ.

ತಣಿಸುವುದಕ್ಕೆ ಪಾತ್ರೆಯನ್ನು ಅಗಲ ತಟ್ಟೆಯ ತಣ್ಣೀರಿನಲ್ಲಿ 15–20 ನಿಮಿಷ ಇಟ್ಟು, ಬಿಸಿ ಇಳಿದ ಮೇಲೆ ಬಾಟಲಿಗೆ ತುಂಬಿ ಫ್ರಿಜ್‌ಗೆ ಸೇರಿಸಿ. ಮೂರು ಗಂಟೆಯಲ್ಲಿ ಬಳಸಬಹುದು, ಮೂರು ದಿನ ಚೆನ್ನಾಗಿರುತ್ತದೆ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಫ್ರಿಜ್‌ನಿಂದ ತೆಗೆದಾಗ ಡಿಕಾಕ್ಷನ್ ಕದಡಿದ ಹಾಗೆ, ಕೆಸರು ಕಲಸಿದ ಹಾಗೆ ಕಂಡರೆ ಕೆಟ್ಟಿದೆ ಎಂದು ಚೆಲ್ಲುವವರಿದ್ದಾರೆ. ಚೆಲ್ಲಬೇಡಿ. ತಣ್ಣಗಾದಾಗ ಟೀಯ ಕೆಫೀನ್ ಮತ್ತು ಒಗರು ಕೊಡುವ ಪಾಲಿಫಿನಾಲ್‌ಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಕಣಗಳಾಗುತ್ತವೆ. ಗಟ್ಟಿ ಡಿಕಾಕ್ಷನ್‌ನಲ್ಲಿ ಇದು ಹೆಚ್ಚು. ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಹಾಲು ಬೆರೆಸುವ ಪಾನೀಯದಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ, ಬಾಟಲಿ ಅಲ್ಲಾಡಿಸಿ ಬಳಸಿ. ಹುಳಿ ವಾಸನೆ, ಲೋಳೆ, ಮೇಲೆ ಬಿಳಿ ಪೊರೆ ಕಂಡರೆ ಮಾತ್ರ ಕೆಟ್ಟಿದೆ.

ತಣ್ಣೀರಿನಲ್ಲೇ ರಾತ್ರಿಯಿಡೀ ನೆನೆಸುವ ವಿಧಾನ ಹಾಲಿಲ್ಲದ ಟೀಗೆ ಸೊಗಸು: ಒಗರಿಲ್ಲ, ತಿಳಿಯಾಗಿರುತ್ತದೆ. ಕೆನೆ ಟೀಗೆ ಅದನ್ನು ಆರಿಸಬೇಡಿ. ಹಾಲಿನ ಪ್ರೋಟೀನ್ ಟೀಯ ಒಗರಿನ ಅಂಶಗಳನ್ನು ಹಿಡಿದುಕೊಳ್ಳುತ್ತದೆ. ಒಗರು ಮೊದಲೇ ಕಡಿಮೆಯಿದ್ದರೆ ಹಾಲು ಬಿದ್ದ ಮೇಲೆ ಟೀ ಎಂಬುದೇ ಉಳಿಯುವುದಿಲ್ಲ, ಸಪ್ಪೆ ಹಾಲು ಕುಡಿದ ಹಾಗೆ ಆಗುತ್ತದೆ. ಇದೇ ಕಾರಣಕ್ಕೆ ಪುಡಿಯನ್ನು ನೇರ ಹಾಲಿನಲ್ಲಿ ಕುದಿಸುವುದೂ ಬೇಡ. ಮೊದಲು ನೀರಿನಲ್ಲಿ ಬಿಡಿಸಿ, ಹಾಲು ಆಮೇಲೆ.

ಕೆನೆಯ ಭಾಗ

ಕೆನೆತನ ಎಂದು ನಾಲಿಗೆ ಗುರುತಿಸುವುದು ಮುಖ್ಯವಾಗಿ ಕೊಬ್ಬನ್ನು, ಅದರ ಜೊತೆಗೆ ಪ್ರೋಟೀನು ಸಕ್ಕರೆಗಳು ಕೊಡುವ ಮೈಯನ್ನು. ಶೇ 3.5 ಕೊಬ್ಬಿನ ಹಾಲನ್ನು ಒಂದು ಲೋಟಕ್ಕೆ 80 ಮಿ.ಲೀ. ಹಾಕಿದರೆ ಸಿಗುವ ಕೊಬ್ಬು 2.8 ಗ್ರಾಂ; 280 ಮಿ.ಲೀ.ಗೆ ಹರಡಿದರೆ ಶೇ 1. ಕೆನೆ ತೆಗೆದ ಹಾಲು ಕುಡಿದಂತೆ ತೆಳ್ಳಗೆ ಅನಿಸುವುದು ಅದಕ್ಕೇ. ಇದನ್ನು ಶೇ 4ರ ಹತ್ತಿರ ತರಬೇಕು, ನೀರು ಸೇರಿಸದೆ ತರಬೇಕು. ಮನೆಯಲ್ಲಿ ಅದಕ್ಕೆ ಇರುವ ಸಾಧನಗಳು ಹಾಲಿನ ಪುಡಿ, ಕಂಡೆನ್ಸ್ಡ್ ಮಿಲ್ಕ್, ಕ್ರೀಮ್.

ನಾಲ್ಕು ಲೋಟಕ್ಕೆ ಮಿಶ್ರಣ ಹೀಗೆ: ಗಟ್ಟಿ ಹಾಲು 240 ಮಿ.ಲೀ., ಕೊಬ್ಬು ತೆಗೆಯದ ಹಾಲಿನ ಪುಡಿ 40 ಗ್ರಾಂ, ಸಿಹಿ ಕಂಡೆನ್ಸ್ಡ್ ಮಿಲ್ಕ್ 80 ಗ್ರಾಂ, ಕ್ರೀಮ್ 60 ಮಿ.ಲೀ., ಒಂದು ಚಿಟಿಕೆ ಉಪ್ಪು. ಎಲ್ಲ ಸೇರಿ 390 ಮಿ.ಲೀ. ಹತ್ತಿರ ಬರುತ್ತದೆ, ಲೋಟಕ್ಕೆ 95–100 ಮಿ.ಲೀ. ಇದರಿಂದ ಲೋಟವೊಂದಕ್ಕೆ ಹತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ಕೊಬ್ಬು ಬೀಳುತ್ತದೆ. ಟೀಯೂ ಐಸ್ ನೀರೂ ಸೇರಿದ ಮೇಲೂ ಇಡೀ ಲೋಟ ಗಟ್ಟಿ ಹಾಲಿನಷ್ಟೇ ಮೈತುಂಬಿರುತ್ತದೆ.

ಬೆರೆಸುವ ಕ್ರಮದಲ್ಲಿ ಅವಸರ ಬೇಡ. ಹಾಲಿನ ಪುಡಿಯನ್ನು ತಣ್ಣನೆ ಹಾಲಿಗೆ ಸುರಿದರೆ ಹೊರಮೈ ಒದ್ದೆಯಾಗಿ ಒಳಗೆ ಒಣ ಪುಡಿ ಉಳಿದ ಗಂಟುಗಳಾಗುತ್ತವೆ. 60 ಮಿ.ಲೀ. ಹಾಲನ್ನು ಬೆರಳು ಅದ್ದಲು ಆಗುವಷ್ಟು, ಸುಮಾರು 45 ಡಿಗ್ರಿಗೆ ಬೆಚ್ಚಗೆ ಮಾಡಿ, ಪುಡಿಯನ್ನು ಅದರಲ್ಲಿ ಪೇಸ್ಟಿನಂತೆ ಕಲಸಿ, ಕಂಡೆನ್ಸ್ಡ್ ಮಿಲ್ಕ್ ಮತ್ತು ಉಪ್ಪು ಹಾಕಿ ಕರಗಿಸಿ, ಆಮೇಲೆ ಉಳಿದ ತಣ್ಣನೆ ಹಾಲು, ಕೊನೆಗೆ ಕ್ರೀಮ್. ಕಂಡೆನ್ಸ್ಡ್ ಮಿಲ್ಕನ್ನು ನೇರವಾಗಿ ತಣ್ಣನೆ ಟೀಗೆ ಹಾಕಿದರೆ ಅದು ಜೇನಿನಂತೆ ತಳಕ್ಕಿಳಿದು ಅಲ್ಲೇ ಕೂರುತ್ತದೆ, ಎಷ್ಟು ಕಲಕಿದರೂ ಎಳೆಎಳೆಯಾಗಿ ಉಳಿಯುತ್ತದೆ. ಮಿಶ್ರಣವನ್ನು ಒಮ್ಮೆ ಸೋಸಿ, ಫ್ರಿಜ್‌ನಲ್ಲಿಡಿ. ಎರಡು ದಿನದೊಳಗೆ ಮುಗಿಸಿ.

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದಾದರೆ ಈ ಪಾನೀಯಕ್ಕೆ ಕಾಯಿಸದೆ ಬಳಸುವುದೇ ಚಂದ, ರುಚಿ ತಾಜಾ ಇರುತ್ತದೆ. ಪಾಶ್ಚರೀಕರಿಸದ ಹಾಲನ್ನು ಕಾಯಿಸಲೇಬೇಕು. ಕಾಯಿಸಿ, ಪೂರ್ತಿ ತಣಿಸಿ, ಮೇಲೆ ಕಟ್ಟಿದ ಕೆನೆಯನ್ನು ಸೋಸಿ ತೆಗೆಯಿರಿ. ಬಿಸಿ ಟೀಯಲ್ಲಿ ಮೃದುವಾಗಿ ಕರಗಿಹೋಗುವ ಆ ಕೆನೆ ತಣ್ಣನೆ ಟೀಯಲ್ಲಿ ಚಕ್ಕೆಚಕ್ಕೆಯಾಗಿ ತೇಲಿ ತುಟಿಗೆ ಅಂಟುತ್ತದೆ. ಕೆನೆ ಹಾಕಿದರೆ ಕೆನೆತನ ಬರುತ್ತದೆ ಎಂಬ ಎಣಿಕೆ ಇಲ್ಲಿ ಕೈಕೊಡುವುದು ಹೀಗೆ: ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹರಡಿದ್ದರೆ ಮಾತ್ರ ನಾಲಿಗೆಗೆ ನುಣುಪು.

ಕ್ರೀಮ್ ಸಿಗದಿದ್ದರೆ ಹಾಲಿನ ಪುಡಿಯನ್ನು 60 ಗ್ರಾಂಗೆ ಏರಿಸಿ. ಕಂಡೆನ್ಸ್ಡ್ ಮಿಲ್ಕ್ ಇಲ್ಲದಿದ್ದರೆ 300 ಮಿ.ಲೀ. ಹಾಲನ್ನು ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ 150 ಮಿ.ಲೀ.ಗೆ ಬತ್ತಿಸಿ, 35 ಗ್ರಾಂ ಸಕ್ಕರೆ ಕರಗಿಸಿ, ಸೋಸಿ ತಣಿಸಿ. ಆಗ ಹಾಲನ್ನು 240ರ ಬದಲು 150 ಮಿ.ಲೀ. ಮಾತ್ರ ಹಾಕಿ. ಬತ್ತಿಸಿದ ಹಾಲಿನ ರುಚಿ ಬೇರೆ, ಸ್ವಲ್ಪ ಕಾಯ್ದ ಘಮವಿರುತ್ತದೆ. ಏಲಕ್ಕಿ ಹಾಕಿದ ಟೀಗೆ ಅದೇ ಹೆಚ್ಚು ಹೊಂದುತ್ತದೆ.

ಸಿಹಿ

ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂಕಾಗಿ ತಿಳಿಯುತ್ತದೆ. ಬಿಸಿಯಲ್ಲಿ ಸರಿಯೆನಿಸಿದ್ದು ಐಸ್ ಹಾಕಿದ ಮೇಲೆ ಸಪ್ಪೆ. ಸಕ್ಕರೆಯನ್ನು ತಣ್ಣನೆ ಟೀಗೆ ಹಾಕಿದರೆ ಕರಗಲು ಹೊತ್ತು ಹಿಡಿದು ತಳದಲ್ಲಿ ಉಳಿಯುತ್ತದೆ, ಅದಕ್ಕೆ ಪಾಕ ಮಾಡಿಟ್ಟುಕೊಳ್ಳಿ: 200 ಗ್ರಾಂ ಸಕ್ಕರೆ, 200 ಗ್ರಾಂ ನೀರು, ಕರಗಿ ಒಂದು ಕುದಿ ಬಂದರೆ ಸಾಕು, ಎಳೆ ಪಾಕದ ತನಕ ಹೋಗುವುದು ಬೇಡ. ಲೋಟಕ್ಕೆ 20 ಗ್ರಾಂ ಪಾಕ ಹಾಕಿದರೆ 10 ಗ್ರಾಂ ಸಕ್ಕರೆ. ಕಂಡೆನ್ಸ್ಡ್ ಮಿಲ್ಕ್‌ನ ಸಿಹಿ ಸೇರಿ ಹೆಚ್ಚಿನವರಿಗೆ ಹಿತವಾಗುತ್ತದೆ. ಬೆಲ್ಲದ ಪಾಕ ಕೊಡುವ ಗಾಢ ರುಚಿ ಸಿಟಿಸಿ ಟೀಗೆ ಬಹಳ ಒಪ್ಪುತ್ತದೆ. ಆದರೆ ಕೆಲವು ಬೆಲ್ಲ ಹುಳಿಯಿರುತ್ತದೆ, ಬಿಸಿ ಹಾಲನ್ನು ಒಡೆಯುತ್ತದೆ. ಪಾಕವನ್ನು ಸೋಸಿ, ತಣಿಸಿ, ತಣ್ಣನೆ ಟೀಗೇ ಬೆರೆಸಿದರೆ ಆ ಭಯವಿಲ್ಲ.

ಲೋಟ ಕಟ್ಟುವುದು

ತಣ್ಣನೆ ಡಿಕಾಕ್ಷನ್ 120 ಮಿ.ಲೀ., ಪಾಕ 20 ಗ್ರಾಂ, ಕೆನೆ ಮಿಶ್ರಣ 95 ಮಿ.ಲೀ., ಐಸ್ 120 ಗ್ರಾಂ.

ಚೆನ್ನಾಗಿ ಬೆರೆತ ಟೀ ಬೇಕಿದ್ದರೆ ಬಿಗಿ ಮುಚ್ಚಳದ ಜಾಡಿಯಲ್ಲಿ ಡಿಕಾಕ್ಷನ್, ಪಾಕ, ಮಿಶ್ರಣ, ನಾಲ್ಕು ಐಸ್ ಕ್ಯೂಬ್ ಹಾಕಿ 15 ಸೆಕೆಂಡು ಜೋರಾಗಿ ಕುಲುಕಿ, ಹೊಸ ಐಸ್ ತುಂಬಿದ ಲೋಟಕ್ಕೆ ಸುರಿಯಿರಿ. ಹಾಲಿನ ಪ್ರೋಟೀನ್ ಗಾಳಿಯನ್ನು ಹಿಡಿದು ಮೇಲೆ ಬೆರಳಗಲ ನೊರೆ ನಿಲ್ಲುತ್ತದೆ. ಜಾಡಿಗೆ ಬಿಸಿ ದ್ರವ ಹಾಕಿ ಎಂದೂ ಕುಲುಕಬೇಡಿ. ಒಳಗೆ ಒತ್ತಡ ಏರಿ ಮುಚ್ಚಳ ಹಾರುತ್ತದೆ, ಕೈ ಸುಡುತ್ತದೆ.

ಪದರ ಪದರವಾಗಿ ಕಾಣಬೇಕಿದ್ದರೆ ಸಾಂದ್ರತೆಯ ಆಟ ಆಡಬೇಕು. ಸಿಹಿಯಾದದ್ದು ಭಾರ, ಕೊಬ್ಬಿನದು ಹಗುರ. ಪಾಕವನ್ನೆಲ್ಲ ಡಿಕಾಕ್ಷನ್‌ಗೆ ಬೆರೆಸಿ ಲೋಟದ ತಳಕ್ಕೆ ಹಾಕಿ, ಮೇಲೆ ಐಸ್ ತುಂಬಿ, ಕಂಡೆನ್ಸ್ಡ್ ಮಿಲ್ಕ್ ಇಲ್ಲದ ಹಾಲು–ಕ್ರೀಮನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಸಿ. ಕಂಡೆನ್ಸ್ಡ್ ಮಿಲ್ಕ್ ಇರುವ ಮಿಶ್ರಣ ಹಾಕಿದರೆ ಬಿಳಿ ಪದರ ಟೀಯನ್ನು ಸೀಳಿಕೊಂಡು ತಳ ಸೇರುತ್ತದೆ. ಅದು ಬೇಕಿದ್ದರೆ ಕ್ರಮವನ್ನೇ ತಿರುಗಿಸಿ: ಸಿಹಿ ಮಿಶ್ರಣ ಕೆಳಗೆ, ಐಸ್, ಮೇಲೆ ಸಕ್ಕರೆ ಇಲ್ಲದ ಟೀ.

ಅವಸರಕ್ಕೆ ಒಂದು ದಾರಿ

ಡಿಕಾಕ್ಷನ್ ತಣಿಸಲು ಸಮಯವಿಲ್ಲದಾಗ ಒಂದು ಲೋಟಕ್ಕೆ 7 ಗ್ರಾಂ ಪುಡಿಯನ್ನು 130 ಮಿ.ಲೀ. ಕುದಿದ ನೀರಿನಲ್ಲಿ 4 ನಿಮಿಷ ನೆನೆಸಿ ಸೋಸಿ. ಬಿಸಿಯಿರುವಾಗಲೇ ಪಾಕದ ಬದಲು 10 ಗ್ರಾಂ ಸಕ್ಕರೆ ಕರಗಿಸಿ, ಸ್ಟೀಲ್ ಪಾತ್ರೆಯಲ್ಲಿ ತೂಗಿಟ್ಟ 100 ಗ್ರಾಂ ಐಸ್ ಮೇಲೆ ಸುರಿದು ಕಲಕಿ. ಐಸ್ ಹೆಚ್ಚುಕಡಿಮೆ ಪೂರ್ತಿ ಕರಗಿ, ಟೀ ಆ ಕ್ಷಣದಲ್ಲೇ ತಣ್ಣಗಾಗುತ್ತದೆ. ಇದನ್ನು ಹೊಸ ಐಸ್ ಇರುವ ಲೋಟಕ್ಕೆ ಹಾಕಿ, ಮೇಲೆ 60 ಮಿ.ಲೀ. ಕೆನೆ ಮಿಶ್ರಣ. ಗಾಜಿನ ಲೋಟದಲ್ಲೇ ಬಿಸಿ ಟೀ ಮತ್ತು ಐಸ್ ಸೇರಿಸಿದರೆ ಲೋಟ ಸೀಳಬಹುದು, ಸ್ಟೀಲ್ ಪಾತ್ರೆ ಅದಕ್ಕೇ. ಹೀಗೆ ತಟ್ಟನೆ ತಣಿಸಿದ ಟೀಯ ಘಮ ನಿಜಕ್ಕೂ ಚೆನ್ನ. ಮೈ ಮಾತ್ರ ಮೊದಲಿನದಕ್ಕಿಂತ ತುಸು ತೆಳು.

ಹಾಲು ಒಡೆದರೆ

ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್ ಒಟ್ಟುಗೂಡಿ ಗಂಟಾಗುವುದು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ರ ಹತ್ತಿರ. ಕಪ್ಪು ಟೀ ಅದಕ್ಕಿಂತ ಸ್ವಲ್ಪ ಮೇಲೆ, 5ರ ಆಸುಪಾಸಿನಲ್ಲಿರುತ್ತದೆ, ಹಾಗಾಗಿ ತಾಜಾ ಹಾಲು ತಾಳಿಕೊಳ್ಳುತ್ತದೆ. ನಿಂಬೆ, ದಾಸವಾಳದ ಹೂವಿನ ಟೀ, ಹುಳಿ ಹಣ್ಣಿನ ರಸ ಸೇರಿದರೆ ತಾಳುವುದಿಲ್ಲ. ಅವುಗಳಿಗೆ ಹಾಲು ಹಾಕಲೇಬೇಡಿ. ಹಳೆಯ ಹಾಲು ಕುಡಿದಾಗ ಹುಳಿ ತಿಳಿಯದಿದ್ದರೂ ಟೀಗೆ ಬಿದ್ದೊಡನೆ ಒಡೆಯಬಹುದು. ಬಿಸಿ ಈ ಒಡೆತವನ್ನು ಜೋರು ಮಾಡುತ್ತದೆ, ಆದ್ದರಿಂದ ಎರಡೂ ತಣ್ಣಗಿರುವಾಗ ಬೆರೆಸುವುದೇ ಒಳ್ಳೆಯ ಕಾವಲು.

ಶುಂಠಿಯ ವಿಷಯ ಬೇರೆ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ; ಬೆಚ್ಚಗಿನ ಹಾಲನ್ನು ಅದು ಮೊಸರಿನಂತೆ ಗಟ್ಟಿಯಾಗಿಸಬಲ್ಲದು. ಕುದಿಸಿದರೆ ಆ ಕಿಣ್ವ ಸತ್ತುಹೋಗುತ್ತದೆ. ಜಜ್ಜಿದ ಶುಂಠಿಯನ್ನು ನೀರಿನಲ್ಲಿ ಐದು ನಿಮಿಷ ಕುದಿಸಿಯೇ ಟೀಪುಡಿ ಹಾಕಿ. ತಣ್ಣನೆ ಪಾನೀಯಕ್ಕೆ ಹಸಿ ಶುಂಠಿ ರಸ ಹಿಂಡಬೇಡಿ. ಹೊತ್ತು ಹೋದಂತೆ ಕಹಿಯಾಗುತ್ತದೆ.

ಮಸಾಲೆಯ ಟೀಗೆ 700 ಮಿ.ಲೀ. ನೀರಿಗೆ ಜಜ್ಜಿದ ಏಲಕ್ಕಿ 6, ಒಂದು ಬೆರಳುದ್ದ ಚಕ್ಕೆ, ಲವಂಗ 2, ಶುಂಠಿ 10 ಗ್ರಾಂ ಹಾಕಿ, 600 ಮಿ.ಲೀ.ಗೆ ಇಳಿಯುವ ತನಕ ಕುದಿಸಿ, ಅದರಲ್ಲಿ 30 ಗ್ರಾಂ ಪುಡಿ ನೆನೆಸಿ. ಬಿಸಿ ಟೀಗೆ ಹಾಕುವುದಕ್ಕಿಂತ ಒಂದೂವರೆ ಪಟ್ಟು ಮಸಾಲೆ ಇದು. ತಣ್ಣಗಾದಾಗ ಘಮ ಮೇಲೇಳುವುದಿಲ್ಲ. ಲವಂಗವನ್ನು ಮಾತ್ರ ಹೆಚ್ಚಿಸಬೇಡಿ, ಅದು ತಣ್ಣಗಿದ್ದಾಗಲೂ ಬಾಯಿ ಮರಗಟ್ಟಿಸುತ್ತದೆ.

ಮಿಶ್ರಣವನ್ನು ಮಿಕ್ಸಿಯಲ್ಲಿ ಹೊತ್ತು ಹೊತ್ತು ತಿರುಗಿಸಿದರೆ ಮೇಲೆ ಹಳದಿ ಚುಕ್ಕೆಗಳು ತೇಲುವುದುಂಟು. ಹಾಲು ಒಡೆದಿಲ್ಲ, ಬೆಣ್ಣೆ ಬಂದಿದೆ. ಕ್ರೀಮಿನ ಕೊಬ್ಬಿನ ಹನಿಗಳು ಬಡಿತಕ್ಕೆ ಒಂದಕ್ಕೊಂದು ಸೇರಿ ಕಾಳುಗಟ್ಟುತ್ತವೆ. ಮಿಶ್ರಣವನ್ನು 40–45 ಡಿಗ್ರಿಗೆ ಬೆಚ್ಚಗೆ ಮಾಡಿ ಚೆನ್ನಾಗಿ ಕಲಕಿ ಮತ್ತೆ ತಣಿಸಿದರೆ ಸ್ವಲ್ಪಮಟ್ಟಿಗೆ ಸರಿಹೋಗಬಹುದು. ಐಸ್ ಜೊತೆ ರುಬ್ಬುವ ಟೀ ಬೇಕಿದ್ದರೆ ಮೊದಲು ಐಸ್ ಮತ್ತು ಡಿಕಾಕ್ಷನ್ ಮಾತ್ರ ರುಬ್ಬಿ, ಕೊನೆಯ ಐದು ಸೆಕೆಂಡಿಗೆ ಕೆನೆ ಮಿಶ್ರಣ ಸೇರಿಸಿ. ಇದಕ್ಕೆ ನೀರಿನ ಐಸ್‌ಗಿಂತ ಸಾಮಾನ್ಯ ಗಟ್ಟಿತನದ ಟೀಯನ್ನೇ ಹೆಪ್ಪುಗಟ್ಟಿಸಿದ ಕ್ಯೂಬ್‌ಗಳು ಎಷ್ಟೋ ಮೇಲು.

ಸಸ್ಯಜನ್ಯ ಹಾಲು

ಓಟ್ಸ್ ಹಾಲು ಇವುಗಳಲ್ಲಿ ಮೊದಲ ಆಯ್ಕೆ: ಮೈಯಿದೆ, ತನ್ನದೇ ಸಿಹಿಯಿದೆ, ಪಾಕ ಅರ್ಧ ಸಾಕು. ಸೋಯಾ ಹಾಲು ಬಿಸಿ, ಗಟ್ಟಿ ಟೀಗೆ ಬಿದ್ದರೆ ಒಡೆಯುತ್ತದೆ. ತಣ್ಣನೆ ಡಿಕಾಕ್ಷನ್‌ಗೆ ಹಾಕಿ. ಬಾದಾಮಿ ಹಾಲು ತೆಳು, ಒಂಟಿಯಾಗಿ ಕೆನೆತನ ಕೊಡದು. ತೆಂಗಿನ ಹಾಲು ಬಹಳ ರುಚಿ, ಆದರೆ ಅದರ ಕೊಬ್ಬು ಫ್ರಿಜ್‌ನ ತಂಪಿಗೆ ಮೇಣದಂತೆ ಗಟ್ಟಿಯಾಗಿ ಬಿಳಿ ಚೂರುಗಳಾಗುತ್ತದೆ. ಗಟ್ಟಿ ತೆಂಗಿನ ಹಾಲು 50 ಮಿ.ಲೀ.ಗೆ ಓಟ್ಸ್ ಹಾಲು 50 ಮಿ.ಲೀ. ಬೆರೆಸಿ, ಬೆಚ್ಚಗಿರುವಾಗ ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ, ಫ್ರಿಜ್‌ನಲ್ಲಿ ಇಡದೆ ಕೋಣೆಯ ತಾಪಕ್ಕೆ ಆರಿದ ಕೂಡಲೇ ಬಳಸಿ.

ಮೇಲೆ ತೇಲುವ ಉಪ್ಪು ಕೆನೆ

ಕೆನೆಯನ್ನು ಟೀಯೊಳಗೆ ಬೆರೆಸದೆ ಮೇಲೆ ದಪ್ಪಗೆ ತೇಲಿಸುವುದು ಇನ್ನೊಂದು ಬಗೆ. ಕೆಳಗಿನ ತಣ್ಣನೆ ಟೀ ಕೆನೆಯ ಪದರವನ್ನು ಹಾದು ಬಾಯಿಗೆ ಬರಬೇಕು, ಆದ್ದರಿಂದ ಇದನ್ನು ಸ್ಟ್ರಾ ಇಲ್ಲದೆ ಕುಡಿಯಬೇಕು.

ಮೂರು ಲೋಟಕ್ಕೆ ಶೇ 35 ಕೊಬ್ಬಿನ ಕ್ರೀಮ್ 80 ಮಿ.ಲೀ., ಹಾಲು 40 ಮಿ.ಲೀ., ಪುಡಿ ಮಾಡಿದ ಸಕ್ಕರೆ 8 ಗ್ರಾಂ, ಎರಡು ಚಿಟಿಕೆ ಉಪ್ಪು. ಪಾತ್ರೆ, ಕಡೆಯುವ ಸಾಧನ, ಕ್ರೀಮ್ ಎಲ್ಲವೂ ಫ್ರಿಜ್‌ನಲ್ಲಿ ಅರ್ಧ ಗಂಟೆ ತಣ್ಣಗಾಗಿರಲಿ. ಕೊಬ್ಬು ಮೆತ್ತಗಾಗಿದ್ದರೆ ಗಾಳಿ ನಿಲ್ಲುವುದಿಲ್ಲ. ಕೊಬ್ಬು ಶೇ 30ಕ್ಕಿಂತ ಕಡಿಮೆ ಇರುವ ಕ್ರೀಮ್ ಎಷ್ಟು ಕಡೆದರೂ ಏಳುವುದಿಲ್ಲ, ಪ್ಯಾಕೆಟ್ ಮೇಲಿನ ಅಂಕಿ ನೋಡಿ ಕೊಳ್ಳಿ. ಎಲ್ಲ ಸೇರಿಸಿ ಕಡೆಯುತ್ತ ಹೋಗಿ. ಕಡ್ಡಿ ಎತ್ತಿದಾಗ ರಿಬ್ಬನ್‌ನಂತೆ ಬಿದ್ದು, ಬಿದ್ದ ಗೆರೆ ಎರಡು ಮೂರು ಸೆಕೆಂಡು ಕಂಡು ಮಾಯವಾಗುವ ಹದದಲ್ಲಿ ನಿಲ್ಲಿಸಿ. ಕೇಕ್ ಮೇಲೆ ಹಾಕುವಷ್ಟು ಗಟ್ಟಿಯಾದರೆ ಮುದ್ದೆಯಾಗಿ ಕೂರುತ್ತದೆ, ಟೀ ಅದನ್ನು ಹಾದು ಬರುವುದಿಲ್ಲ. ಸ್ವಲ್ಪ ಮೀರಿತು ಎನಿಸಿದರೆ ಒಂದು ಚಮಚ ತಣ್ಣನೆ ಹಾಲು ಹಾಕಿ ಕೈಯಿಂದ ಕಲಸಿದರೆ ಹಿಂದಕ್ಕೆ ಬರುತ್ತದೆ. ಕಾಳುಕಾಳಾದ ಮೇಲೆ ಬರುವುದಿಲ್ಲ. ಕಡೆಯುವ ಮೊದಲು 30 ಗ್ರಾಂ ಕ್ರೀಮ್ ಚೀಸನ್ನು ಮೆತ್ತಗೆ ನಾದಿ ಸೇರಿಸಿದರೆ ಇನ್ನೂ ದಪ್ಪ, ಸಣ್ಣ ಹುಳಿ.

ಇದರ ಕೆಳಗಿನ ಟೀಗೆ ಹಾಲು ಬೇಡ. ಡಿಕಾಕ್ಷನ್ 120 ಮಿ.ಲೀ.ಗೆ ತಣ್ಣೀರು 60 ಮಿ.ಲೀ., ಪಾಕ 20 ಗ್ರಾಂ, ಐಸ್. ಲೋಟದ ಬಾಯಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ, 40 ಮಿ.ಲೀ. ಕೆನೆಯನ್ನು ಚಮಚದಿಂದ ಐಸ್ ಮೇಲೆ ಇಳಿಸಿ. ನೇರ ಟೀ ಮೇಲೆ ಸುರಿದರೆ ಒಳಕ್ಕೆ ಇಳಿಯುತ್ತದೆ, ಐಸ್ ಮೇಲೆ ಬಿದ್ದರೆ ಹರಡುತ್ತದೆ. ಹಸಿರು ಟೀಗೂ ಈ ಕೆನೆ ಚೆನ್ನಾಗಿ ಒಪ್ಪುತ್ತದೆ. ಹಸಿರು ಎಲೆಯನ್ನು ಕುದಿವ ನೀರಿನಲ್ಲಿ ಹಾಕದೆ 75–80 ಡಿಗ್ರಿಯಲ್ಲಿ 3 ನಿಮಿಷ ನೆನೆಸಿ, 300 ಮಿ.ಲೀ.ಗೆ 9 ಗ್ರಾಂ; ನೀರು ಬೆರೆಸದೆ ಐಸ್ ಮೇಲೆ ಹಾಕಿ. ಮಚ್ಚಾ, ಎಂದರೆ ನುಣ್ಣಗೆ ಅರೆದ ಹಸಿರು ಟೀ ಪುಡಿಯಾದರೆ 3 ಗ್ರಾಂ ಜರಡಿ ಹಿಡಿದು, 40 ಮಿ.ಲೀ. ಅದೇ ಬಿಸಿಯ ನೀರಿನಲ್ಲಿ ಗಂಟಿಲ್ಲದಂತೆ ಕಡೆದು, 120 ಮಿ.ಲೀ. ತಣ್ಣನೆ ಹಾಲಿನ ಮೇಲೆ ಸುರಿಯಿರಿ. ಜರಡಿ ಹಿಡಿಯದೆ ಹಾಕಿದ ಮಚ್ಚಾ ಗಂಟು ಆಮೇಲೆ ಯಾವುದಕ್ಕೂ ಕರಗುವುದಿಲ್ಲ.

ಟಾಪಿಯೋಕ ಮುತ್ತುಗಳು

ತಳದಲ್ಲಿ ಮರಗೆಣಸಿನ ಪಿಷ್ಟದಿಂದ ಮಾಡಿದ, ಅಗಿಯುವ ಮುತ್ತುಗಳು ಬೇಕಿದ್ದರೆ 50 ಗ್ರಾಂ ಮುತ್ತಿಗೆ ಅರ್ಧ ಲೀಟರ್ ನೀರು. ನೀರು ಭರ್ಜರಿ ಕುದಿಯುವಾಗ ಹಾಕಿ. ತಣ್ಣೀರಿಗೆ ಹಾಕಿದರೆ ಹಿಟ್ಟಾಗಿ ಕರಗುತ್ತವೆ. ತೇಲಿ ಬಂದ ಮೇಲೆ ಮಧ್ಯಮ ಉರಿಯಲ್ಲಿ 25 ನಿಮಿಷ, ಒಲೆ ಆರಿಸಿ ಮುಚ್ಚಿ ಇನ್ನೂ 25 ನಿಮಿಷ. ಬೇಗ ಬೇಯುವ ಬಗೆಯದ್ದಾದರೆ ಪ್ಯಾಕೆಟ್‌ನಲ್ಲಿ ಬರೆದ ಹೊತ್ತನ್ನೇ ಹಿಡಿಯಿರಿ. ಒಂದನ್ನು ಕತ್ತರಿಸಿ ನೋಡಿ, ನಡುವೆ ಬಿಳಿ ಚುಕ್ಕೆ ಇರಬಾರದು. ತಣ್ಣೀರಿನಲ್ಲಿ ತೊಳೆದು ದಪ್ಪ ಬೆಲ್ಲದ ಪಾಕದಲ್ಲಿ ಮುಳುಗಿಸಿಡಿ. ನಾಲ್ಕು ಗಂಟೆಯೊಳಗೆ ತಿನ್ನಬೇಕು. ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಮತ್ತೆ ಗಟ್ಟಿಯಾಗಿ ಮುತ್ತುಗಳು ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗುತ್ತವೆ. ಚಿಕ್ಕ ಮಕ್ಕಳಿಗೆ ಇವು ಗಂಟಲಲ್ಲಿ ಸಿಕ್ಕುವ ಅಪಾಯವಿದೆ, ಕೊಡಬೇಡಿ.

ಮುತ್ತು ಹಾಕಿದ ಲೋಟಕ್ಕೆ ಪಾಕ ಅರ್ಧ ಮಾಡಿ, ಅವುಗಳ ಜೊತೆ ಬರುವ ಬೆಲ್ಲವೇ ಉಳಿದದ್ದನ್ನು ತುಂಬುತ್ತದೆ. ಲೋಟವೊಂದರಲ್ಲಿ 6 ಗ್ರಾಂ ಪುಡಿಯ ಸಾರವಿದೆ ಎಂಬುದನ್ನೂ ಲೆಕ್ಕದಲ್ಲಿಡಿ: ತಲಾ 2 ಗ್ರಾಂನ ಮೂರು ಕಪ್ ಟೀಯ ಕೆಫೀನ್ ಅದು. ಸಂಜೆಯ ಮೇಲೆ ಕುಡಿಯುವುದಾದರೆ ಡಿಕಾಕ್ಷನ್ 60 ಮಿ.ಲೀ., ಕೆನೆ ಮಿಶ್ರಣ 50 ಮಿ.ಲೀ., ಪಾಕ 10 ಗ್ರಾಂ, ಐಸ್ 60 ಗ್ರಾಂ ಹಾಕಿ ಸಣ್ಣ ಲೋಟದಲ್ಲಿ ಮಾಡಿ. ಅಳತೆಯ ಪ್ರಮಾಣ ಅದೇ ಇರುವುದರಿಂದ ರುಚಿ ಬದಲಾಗುವುದಿಲ್ಲ.